ಎಡ್ ಚೈನಾನ ಕೂಲಿ ಎಷ್ಟು?

'ವೀಲರ್ ಡೀಲರ್ಸ್' ನೋಡಿದವರಿಗೆ ಅದರ ಕೊನೆಯ ಎರಡು ನಿಮಿಷ ಚೆನ್ನಾಗಿ ನೆನಪಿರುತ್ತೆ. ರಿಪೇರಿಯಾದ ಕಾರು ಫಳಫಳ ಅಂತ ನಿಂತಿರುತ್ತೆ. ಕೊಳ್ಳೋಕೆ ಬಂದವರು ಒಂದು ರೌಂಡ್ ಓಡಿಸಿ ನೋಡ್ತಾರೆ. ಮೈಕ್ ಬ್ರೂವರ್ ಚೌಕಾಶಿ ಮಾಡಿ ಕೈ ಕುಲುಕ್ತಾನೆ. ಆಮೇಲೆ ಲೆಕ್ಕ. ಕಾರು ಕೊಂಡಿದ್ದು ಇಷ್ಟು, ಸ್ಪೇರ್ ಪಾರ್ಟ್ಸಿಗೆ ಇಷ್ಟು, ಹೊರಗಡೆ ಪೇಂಟ್ ಮಾಡಿಸಿದ್ದಕ್ಕೆ ಇಷ್ಟು, ಮಾರಿದ್ದು ಇಷ್ಟು. ಉಳಿದದ್ದು ಲಾಭ.

ಬೆಂಗಳೂರಿಗೆ ಬಂದ ಹೊಸದರಲ್ಲಿ, ಮಡಿವಾಳದ ಪಿಜಿಯಲ್ಲಿ, ಕ್ರಿಕೆಟ್ ಇಲ್ಲದ ರಾತ್ರಿಗಳಲ್ಲಿ ನಾನು ಈ ಲೆಕ್ಕ ನೋಡೋಕೆ ಶುರು ಮಾಡಿದೆ. ಅಲ್ಲಿಂದ ಇಲ್ಲಿವರೆಗೂ ಹತ್ತು ವರ್ಷದ ಮೇಲಾಯ್ತು. ಒಂದು ದಿನವೂ ಅದರಲ್ಲಿ ತಪ್ಪಿದೆ ಅನಿಸಿರಲಿಲ್ಲ. ಅನಿಸಿದ್ದು ನಾನೇ ಒಂದು ಹಳೇ ಜರ್ಮನ್ ಕಾರು ತಂದು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬಿಚ್ಚಿ ಹಾಕಿ, ಎಂಜಿನ್ನಿನೊಳಗೆ ಒಂದು ಬೋಲ್ಟ್ ಮುರಿದುಕೊಂಡು ಕೂತ ಸಂಜೆ.

ಆ ಲೆಕ್ಕದಲ್ಲಿ ಎಡ್ ಚೈನಾನ ಕೂಲಿ ಇಲ್ಲ.

ನೋಡದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಇದು ಬ್ರಿಟನ್ನಿನ ಕಾರ್ಯಕ್ರಮ. 2003ರಲ್ಲಿ ಡಿಸ್ಕವರಿಯಲ್ಲಿ ಶುರುವಾಯ್ತು. ಮೊದಲನೇ ಕಾರು ಪೋರ್ಷೆ 924. ಪೋರ್ಷೆ ಅನ್ನೋ ಹೆಸರಿದೆ, ಆದರೆ ಹಳೇದಾಗಿ ಸಾಮಾನ್ಯ ಕಾರಿನ ರೇಟಿಗೆ ಇಳಿದುಬಿಟ್ಟಿದೆ. ಇಡೀ ಕಾರ್ಯಕ್ರಮದ ಆಸೆ ಇರೋದೇ ಇಲ್ಲಿ: ಒಂದು ಕಾಲಕ್ಕೆ ಸಾಹುಕಾರರ ಮನೆ ಮುಂದೆ ನಿಂತಿದ್ದ ಕಾರನ್ನು ಈಗ ನೀನೂ ಕೊಳ್ಳಬಹುದು, ಸ್ವಲ್ಪ ಕೈ ಕೊಳೆ ಮಾಡಿಕೊಂಡರೆ ಸಾಕು. ಇಬ್ಬರು ಗಂಡಸರು. ಮೈಕ್ ಬ್ರೂವರ್ ಕೊಳ್ಳೋನು, ಮಾರೋನು. ಎಡ್ ಚೈನಾ ರಿಪೇರಿ ಮಾಡೋನು. ಆರೂಮುಕ್ಕಾಲು ಅಡಿಗೆ ಸ್ವಲ್ಪವೇ ಕಮ್ಮಿ ಎತ್ತರದ ಆಸಾಮಿ, ಕೈಗೆ ಕಿತ್ತಳೆ ಬಣ್ಣದ ಗ್ಲೌಸು, ಮಾತು ಮೆಲ್ಲಗೆ. ಈ ಪುಣ್ಯಾತ್ಮ ಒಂದು ಸೋಫಾಕ್ಕೆ ಎಂಜಿನ್ ಕೂರಿಸಿ 1998ರಲ್ಲಿ ಗಂಟೆಗೆ 140 ಕಿಲೋಮೀಟರ್ ಓಡಿಸಿ ಗಿನ್ನೆಸ್ ದಾಖಲೆ ಮಾಡಿದವನು.

ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕು. ಹೇಮಗಿರಿ ದನಗಳ ಜಾತ್ರೆಗೆ ಅಪ್ಪನ ಜೊತೆ ಹೋಗ್ತಿದ್ದವನಿಗೆ ಮೈಕ್ ಹೊಸಬನಲ್ಲ. ಜಾತ್ರೆಯಲ್ಲಿ ದಲ್ಲಾಳಿಗಳು ಟವಲ್ಲಿನ ಅಡಿಯಲ್ಲಿ ಬೆರಳು ಹಿಡಿದು ರೇಟು ಮಾತಾಡ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು ಅಂತ. ಮೈಕ್ ಟವಲ್ಲಿಲ್ಲದೆ ಬಾಯಲ್ಲಿ ಮಾತಾಡ್ತಾನೆ, ಅಷ್ಟೇ ವ್ಯತ್ಯಾಸ. ಹೋರಿಯ ಹಲ್ಲು ನೋಡೋ ಹಾಗೆ ಬಾನೆಟ್ ಎತ್ತಿ ನೋಡ್ತಾನೆ, ಇರೋ ಐಬೆಲ್ಲ ಎತ್ತಿ ಆಡ್ತಾನೆ, ರೇಟು ಇಳಿಸ್ತಾನೆ. ಅವನನ್ನು ಬೈಯೋಕೆ ನಾನು ಇದನ್ನು ಬರೀತಿಲ್ಲ. ದಲ್ಲಾಳಿಗೂ ಕಣ್ಣು ಬೇಕು, ಕಸುಬು ಬೇಕು. ಆದರೆ ಹೋರಿ ಸಾಕಿದವನೇ ಬೇರೆ.

*

ಕಾರ್ಯಕ್ರಮದ ಒಳ್ಳೇ ಭಾಗ ಯಾವುದು ಅಂದರೆ ಅದು ಎಡ್‌ನ ವರ್ಕ್‌ಶಾಪು. ಇಷ್ಟು ವರ್ಷ ಜನ ಕೂತು ನೋಡಿದ್ದು ಅದನ್ನೇ. ಕಾರು ರಿಪೇರಿ ತೋರಿಸೋ ಬೇರೆ ಕಾರ್ಯಕ್ರಮಗಳಲ್ಲಿ ಜಗಳ ಇರುತ್ತೆ, ಗಡುವು ಇರುತ್ತೆ, ಸ್ಪ್ಯಾನರ್ ಎಸೆಯೋ ದೃಶ್ಯ ಇರುತ್ತೆ. ಇಲ್ಲಿ ಒಬ್ಬ ಮನುಷ್ಯ ಒಂದು ಭಾಗವನ್ನು ಕೈಯಲ್ಲಿ ಹಿಡಿದು, ಇದು ಏನು ಕೆಲಸ ಮಾಡುತ್ತೆ, ಯಾಕೆ ಕೆಡುತ್ತೆ, ಹೇಗೆ ಬಿಚ್ಚಬೇಕು ಅಂತ ನಿಧಾನವಾಗಿ ಹೇಳ್ತಾನೆ. ನೋಡುವವನನ್ನು ದಡ್ಡ ಅಂದುಕೊಳ್ಳಲ್ಲ.

ನನ್ನ ವಿಷಯ ಹೇಳಬೇಕು. ನಾನು ಓದಿದ್ದು ಬಿಇ ಮೆಕ್ಯಾನಿಕಲ್. ಸೇರಿದ್ದು ಸಾಫ್ಟ್‌ವೇರಿಗೆ. ಗೇರ್‌ಬಾಕ್ಸಿನ ಚಿತ್ರ ಹತ್ತು ಸಲ ಬರೆದಿದ್ದೆ, ಒಂದು ಸಲವೂ ಬಿಚ್ಚಿರಲಿಲ್ಲ. ಕಾಲೇಜಿನಲ್ಲಿ ನಾನು ಕೈಯಾರೆ ಮಾಡಿದ ಒಂದೇ ಲೋಹದ ಕೆಲಸ ಅಂದರೆ ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬಿನಲ್ಲಿ ಅರ ಹಿಡಿದು ಉಜ್ಜಿದ ಎರಡು ಕಬ್ಬಿಣದ ತುಂಡು, ಅದೂ ಸರಿಯಾಗಿ ಕೂರಲಿಲ್ಲ. ಕ್ಲಚ್ ಹೇಗೆ ಸವೆಯುತ್ತೆ ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಎಡ್ ಅದನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಾಗ. ನಾಲ್ಕು ವರ್ಷದ ಫೀಸು ಕಟ್ಟಿದ ಅಪ್ಪನಿಗೆ ಇದನ್ನು ನಾನು ಹೇಳಿಲ್ಲ.

ಹಾಗಾಗಿ 2019ರಲ್ಲಿ, ಸಾಲ ತೀರಿ ಕೈಯಲ್ಲಿ ಸ್ವಲ್ಪ ದುಡ್ಡು ಆಡ್ತಿದ್ದಾಗ, ನನಗೆ ಬಂದ ಹುಚ್ಚಿಗೆ ಕಾರಣ ಹುಡುಕೋದು ಕಷ್ಟವಲ್ಲ. 2006ರ ಮಾಡೆಲ್ಲಿನ ಜರ್ಮನ್ ಸೆಡಾನ್. ಕಂಪನಿ ಹೆಸರು ಬೇಡ. ಹೊಸದರಲ್ಲಿ ಮೂವತ್ತು ಲಕ್ಷ ದಾಟಿದ್ದ ಕಾರು ನನಗೆ ಸಿಕ್ಕಿದ್ದು 2,75,000ಕ್ಕೆ. ಲೆದರ್ ಸೀಟು, ಸನ್‌ರೂಫು, ಬಾಗಿಲು ಹಾಕಿದರೆ 'ಧಪ್' ಅನ್ನೋ ಆ ಸದ್ದು. ಆಫೀಸಿನಲ್ಲಿ ಹೊಸ ಹ್ಯಾಚ್‌ಬ್ಯಾಕಿಗೆ ಏಳು ಲಕ್ಷ ಕೊಟ್ಟವನ ಪಕ್ಕ ನಿಲ್ಲಿಸಿ ಒಂದು ವಾರ ಮೆರೆದೆ.

ಇಲ್ಲಿ ಕಾರ್ಯಕ್ರಮ ಬಾಯಿಬಿಟ್ಟು ಹೇಳದ ಮೊದಲನೇ ಮಾತು ಬರುತ್ತೆ. ಐಷಾರಾಮಿ ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತೆ, ಅದರ ಬಿಡಿಭಾಗದ ಬೆಲೆ ಇಳಿಯಲ್ಲ. ಮೂರು ಲಕ್ಷದ ಕಾರಿಗೂ ಹಾಕಬೇಕಾದ ವಾಟರ್ ಪಂಪು ಮೂವತ್ತು ಲಕ್ಷದ ಕಾರಿನದ್ದೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಟೆಕ್ನಿಕಲ್ ಡೆಟ್. ಹಿಂದಿನ ಮೂರು ಜನ ಮಾಲೀಕರು 'ಮುಂದಿನ ಸರ್ವೀಸಿಗೆ ನೋಡೋಣ' ಅಂತ ಮುಂದೂಡಿದ್ದೆಲ್ಲ ಸೇರಿ ಆ ಕಡಿಮೆ ರೇಟು ಆಗಿರುತ್ತೆ. ನೀವು ಕಾರಿನ ಜೊತೆ ಅವರ ಬಾಕಿಯನ್ನೂ ಕೊಂಡಿರ್ತೀರಿ.

ನನ್ನ ಬಾಕಿ ಮೊದಲ ಮಳೆಗೆ ಬಂತು. ಬೆಳಗ್ಗೆ ಕಾರಿಗೆ ಕಾಲಿಟ್ಟರೆ ಕಾರ್ಪೆಟ್ಟು ಪಚಪಚ. ಸನ್‌ರೂಫ್ ಇರೋ ಕಾರುಗಳಲ್ಲಿ ಆ ಗಾಜಿನ ಸುತ್ತ ಒಂದು ಕಾಲುವೆ ಇರುತ್ತೆ, ಅದರ ಮೂಲೆಗಳಿಂದ ಸಣ್ಣ ಟ್ಯೂಬುಗಳು ಕಂಬಗಳೊಳಗಿಂದ ಇಳಿದು ನೀರನ್ನು ಕೆಳಗೆ ಬಿಡುತ್ತವೆ. ಗಾಜಿನ ರಬ್ಬರು ನೀರು ತಡೆಯುತ್ತೆ ಅಂತ ನಾವು ತಿಳಿದಿರ್ತೀವಿ. ನಿಜವಾಗಿ ನೀರು ಒಳಗೆ ಬರುತ್ತೆ, ಟ್ಯೂಬು ಅದನ್ನು ಹೊರಗೆ ಹಾಕುತ್ತೆ. ಹಿಂದಿನ ಮಾಲೀಕ ಹೊಂಗೆ ಮರದ ಕೆಳಗೆ ನಿಲ್ಲಿಸ್ತಿದ್ದ ಅಂತ ಕಾಣುತ್ತೆ, ಹೊಂಗೆ ಹೂವು ಕೊಳೆತು ಟ್ಯೂಬು ಕಟ್ಟಿತ್ತು. ನೀರು ಸೀಟಿನ ಕೆಳಗೆ ಹೋಗಿ ನಿಂತಿತ್ತು, ಅಲ್ಲೇ ಎಲೆಕ್ಟ್ರಾನಿಕ್ಸಿನ ಒಂದು ಪೆಟ್ಟಿಗೆ ಬೇರೆ ಇರುತ್ತೆ. ಹುಲ್ಲು ಕತ್ತರಿಸೋ ಮೆಷಿನ್ನಿನ ನೈಲಾನ್ ದಾರ ತಂದು ಟ್ಯೂಬಿನೊಳಗೆ ಆಡಿಸಿದೆ. ಕಸ ಬಿಡಿಸೋಕೆ ಹಿಡಿದದ್ದು ಅರ್ಧ ಗಂಟೆ. ಸೀಟುಗಳನ್ನು ಬಿಚ್ಚಿ, ಕಾರ್ಪೆಟ್ಟಿನ ಅಡಿಯ ಸ್ಪಾಂಜು ಹಿಂಡಿ, ಒಣಗಿಸಿ, ಮತ್ತೆ ಕೂರಿಸೋಕೆ ಎರಡು ವೀಕೆಂಡು.

ಟಿವಿಯಲ್ಲಿ ಇದು ಎರಡು ನಿಮಿಷ. ಅದು ತಪ್ಪಲ್ಲ, ಸ್ಪಾಂಜು ಒಣಗೋದನ್ನು ಯಾರು ನೋಡ್ತಾರೆ? ಎಡಿಟಿಂಗ್ ಇರೋದೇ ಅದಕ್ಕೆ. ಆದರೆ ಎಡಿಟಿಂಗಿನಲ್ಲಿ ತೆಗೆದ ಗಂಟೆಗಳು ಲೆಕ್ಕದಿಂದಲೂ ಹೋಗಿಬಿಡೋದು ಬೇರೆ ವಿಷಯ.

*

ಬೋಲ್ಟಿನ ಕತೆಗೆ ಬರ್ತೀನಿ.

ಈ ವಯಸ್ಸಿನ ಕಾರುಗಳಲ್ಲಿ ಕೂಲಿಂಗ್ ಸಿಸ್ಟಮ್ಮಿನ ಪ್ಲಾಸ್ಟಿಕ್ಕು ಬಿಸಿಗೆ ಬೆಂದು ಬೆಂದು ಬಿಸ್ಕತ್ತಿನ ಹಾಗೆ ಆಗಿರುತ್ತೆ. ಕೂಲೆಂಟ್ ಟ್ಯಾಂಕು, ಥರ್ಮೋಸ್ಟಾಟಿನ ಮನೆ, ಹೋಸಿನ ಮೂತಿಗಳು. ಹೆಬ್ಬಾಳದ ಫ್ಲೈಓವರ್ ಮೇಲೆ ಸಂಜೆ ಆರೂವರೆಗೆ ಬಾನೆಟ್ಟಿನಿಂದ ಆವಿ ಎದ್ದ ಮೇಲೆ ಎಲ್ಲ ಒಟ್ಟಿಗೆ ಬದಲಾಯಿಸೋಣ ಅಂತ ತೀರ್ಮಾನ ಮಾಡಿದೆ. ಜೆ.ಸಿ. ರೋಡಿನಲ್ಲಿ ಒಂದಿಷ್ಟು, ಆನ್‌ಲೈನಿನಲ್ಲಿ ಒಂದಿಷ್ಟು ತರಿಸಿದೆ. ಸ್ಕ್ಯಾನರು, ಟಾರ್ಕ್ ವ್ರೆಂಚು, ನಕ್ಷತ್ರದ ತಲೆಯ ಬೋಲ್ಟುಗಳಿಗೆ ಬೇಕಾದ ಸಾಕೆಟ್ ಸೆಟ್ಟು, ಇವೇ 21,000 ಆಯ್ತು. ಅಸೋಸಿಯೇಷನ್ ಸೆಕ್ರೆಟರಿ ಎರಡು ಸಲ ಬಂದು, 'ಇದು ಪಾರ್ಕಿಂಗು ಸಾರ್, ಗ್ಯಾರೇಜ್ ಅಲ್ಲ' ಅಂತ ಹೇಳಿ ಹೋದರು.

ಅಲ್ಯೂಮಿನಿಯಂ ಎಂಜಿನ್ನಿನಲ್ಲಿ ಸ್ಟೀಲ್ ಬೋಲ್ಟು ಹದಿಮೂರು ವರ್ಷ ಕೂತರೆ ಎರಡೂ ಕಚ್ಚಿಕೊಳ್ತವೆ. ಎರಡು ಬೇರೆ ಲೋಹ, ನಡುವೆ ಸ್ವಲ್ಪ ತೇವ, ಸಾಕು. ಪರೀಕ್ಷೆಯಲ್ಲಿ ಇದಕ್ಕೆ ಐದು ಮಾರ್ಕ್ಸಿಗೆ ಉತ್ತರ ಬರೆದಿದ್ದೆ. ಆದರೂ ವ್ರೆಂಚಿಗೆ ಉದ್ದ ಪೈಪು ಹಾಕಿ ಎಳೆದೆ. ಬೋಲ್ಟು ಸಡಿಲವಾದ ಹಾಗೆ ಮೆತ್ತಗೆ ತಿರುಗಿತು. ಖುಷಿಯಾಯ್ತು. ತಲೆ ಕೈಗೆ ಬಂತು, ಮೈ ಎಂಜಿನ್ನಿನೊಳಗೇ ಉಳೀತು.

ಮೂರು ದಿನ ಡ್ರಿಲ್ಲು, ಎಣ್ಣೆ, ಯೂಟ್ಯೂಬು. ನಾಲ್ಕನೇ ದಿನ ಶಿವಾಜಿನಗರದ ಕಡೆಯಿಂದ ಒಬ್ಬ ಭಾಯ್ ಬಂದರು, ಜೊತೆಗೆ ಒಬ್ಬ ಹುಡುಗ, ಕೈಯಲ್ಲಿ ಸಣ್ಣ ವೆಲ್ಡಿಂಗ್ ಮೆಷಿನ್ನು. ಕಾರನ್ನು ವಿಸಿಟರ್ಸ್ ಪಾರ್ಕಿಂಗಿಗೆ ತಳ್ಳಿದೆವು. ಭಾಯ್ ಮೊದಲು ಬ್ಯಾಟರಿ ಕಳಚಿದರು, ಎಲೆಕ್ಟ್ರಾನಿಕ್ಸ್ ಸುಡಬಾರದು ಅಂತ. ಆಮೇಲೆ ಮುರಿದ ಬೋಲ್ಟಿನ ಮೊಂಡು ತುದಿಯ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡ್ ಮಾಡಿದರು. ಆ ವೆಲ್ಡಿಂಗು ಸ್ಟೀಲಿಗೆ ಹಿಡಿಯುತ್ತೆ, ಪಕ್ಕದ ಅಲ್ಯೂಮಿನಿಯಂಗೆ ಹಿಡಿಯಲ್ಲ. ಜೊತೆಗೆ ಆ ಬಿಸಿಗೆ ಕಚ್ಚಿಕೊಂಡಿದ್ದು ಬಿಡುತ್ತೆ. ಎರಡು ಸಲ ನಟ್ಟು ಮಾತ್ರ ಕಿತ್ತು ಬಂತು. ಮೂರನೇ ಸಲ ಸ್ವಲ್ಪ ಆರೋಕೆ ಬಿಟ್ಟು, ಸ್ಪ್ಯಾನರ್ ಹಾಕಿ, ಮುಂದಕ್ಕೆ ಹಿಂದಕ್ಕೆ ಅಂಗುಲ ಅಂಗುಲ ಆಡಿಸಿ, ಹಲ್ಲು ಕೀಳೋ ಹಾಗೆ ಕಿತ್ತರು. ಒಟ್ಟು ಎರಡು ಗಂಟೆ. ಎಡ್ ಚೈನಾನ ಒಂದು ಇಡೀ ಸೀಸನ್ನು ನೋಡಿದಷ್ಟು ತೃಪ್ತಿ.

'ಎಷ್ಟು ಕೊಡ್ಲಿ ಭಾಯ್?'

'ಸಾವ್ರದೈನೂರು ಕೊಡಿ ಸಾರ್.'

ನಾನು ಹೇಳಿದ್ದನ್ನು ಇಲ್ಲಿ ಬರೆಯೋಕೆ ನಾಚಿಕೆಯಾಗುತ್ತೆ, ಆದರೆ ಬರೀದಿದ್ರೆ ಈ ವಿಮರ್ಶೆಗೆ ಅರ್ಥ ಇಲ್ಲ. 'ಎರಡು ಗಂಟೆ ಕೆಲಸಕ್ಕೆ ಸಾವಿರದೈನೂರಾ ಭಾಯ್? ಒಂದು ಬೋಲ್ಟು ತಾನೇ?' ಅಂದೆ. ಅವರು ವಾದ ಮಾಡಲಿಲ್ಲ. 'ಸರಿ, ಸಾವ್ರ ಕೊಡಿ' ಅಂದರು. ಕೊಟ್ಟೆ. ಹುಡುಗ ವೈರು ಸುತ್ತಿಕೊಂಡ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಮೆಷಿನ್ನು ನಡುವೆ ಇಟ್ಟುಕೊಂಡು ಹೋದರು.

ಅದೇ ರಾತ್ರಿ ಗೆದ್ದ ಹುಮ್ಮಸ್ಸಿನಲ್ಲಿ ಒಂದು ಹಳೇ ಎಪಿಸೋಡ್ ಹಾಕಿದೆ. ಕೊನೆಯ ಲೆಕ್ಕ ಬಂತು. ಕೊಂಡದ್ದು, ಸಾಮಾನು, ಮಾರಿದ್ದು, ಲಾಭ. ರಿಮೋಟು ಹಿಡಿದು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ. ಕೂಲಿಯ ಸಾಲೇ ಇಲ್ಲ. ನಾನು ಮಧ್ಯಾಹ್ನ ಮಾಡಿದ ಚೌಕಾಶಿಯನ್ನು ಇವರು ಪೂರ್ತಿ ಮಾಡಿದ್ದರು. ಮೈಕ್ ಸಾವಿರದೈನೂರನ್ನು ಸಾವಿರ ಮಾಡಿರಲಿಲ್ಲ, ಸೊನ್ನೆ ಮಾಡಿದ್ದ.

*

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಕಾರಿನಲ್ಲಿ 1,500 ಪೌಂಡ್ ಲಾಭ ಬಂತು ಅಂದುಕೊಳ್ಳಿ. ಎಡ್ ಅದರ ಮೇಲೆ ನಲವತ್ತು ಗಂಟೆ ದುಡಿದ ಅನ್ನಿ. ಗ್ಯಾರೇಜಿನ ಕೂಲಿ ಗಂಟೆಗೆ 50 ಪೌಂಡ್ ಅಂತ ಹಿಡಿದರೂ 2,000 ಪೌಂಡ್ ಆಯ್ತು. ಅಲ್ಲಿಗೆ ಲಾಭ ಹೋಗಿ 500 ಪೌಂಡ್ ಕೈಬಿಟ್ಟಿತು. ಅಂದರೆ 'ಹಳೇ ಕಾರು ಕೊಂಡು, ರಿಪೇರಿ ಮಾಡಿ, ಮಾರಿದರೆ ದುಡ್ಡು ಉಳಿಯುತ್ತೆ' ಅನ್ನೋ ಕಾರ್ಯಕ್ರಮದ ಮೂಲ ಮಾತು ಒಬ್ಬ ಮನುಷ್ಯನ ಕೈಕೆಲಸ ಬಿಟ್ಟಿ ಅಂತ ಹಿಡಿದರೆ ಮಾತ್ರ ನಿಲ್ಲುತ್ತೆ. ಹೊರಗಿನ ಪೇಂಟರಿಗೆ ಕೊಟ್ಟದ್ದು ಲೆಕ್ಕಕ್ಕೆ ಬರುತ್ತೆ, ಒಳಗಿನವನ ಕೂಲಿ ಬರಲ್ಲ.

ಇದಕ್ಕೆ ಉತ್ತರ ಇದೆ, ನನಗೂ ಗೊತ್ತು. 'ಇದು ಹವ್ಯಾಸ ಮಾರಾಯ. ಗಾರ್ಡನಿಂಗ್ ಮಾಡೋನು ಕೂಲಿ ಲೆಕ್ಕ ಹಾಕ್ತಾನಾ? ವೀಕೆಂಡಿನಲ್ಲಿ ಖುಷಿಗೆ ಮಾಡೋ ಕೆಲಸಕ್ಕೆ ರೇಟು ಕಟ್ಟಿದರೆ ಖುಷಿನೇ ಹೋಗುತ್ತೆ.' ಒಪ್ತೀನಿ. ನೈಲಾನ್ ದಾರ ಆ ಕಡೆಯಿಂದ ಹೊಂಗೆ ಹೂವು ನೂಕಿಕೊಂಡು ಹೊರಗೆ ಬಂದ ಕ್ಷಣಕ್ಕೆ ನಾನು ಯಾವ ರೇಟೂ ಕಟ್ಟಲ್ಲ. ಆದರೆ ಹವ್ಯಾಸ ಅಂದಮೇಲೆ ಕೊನೆಯಲ್ಲಿ ಲಾಭ ಅಂತ ಬರೆಯಬಾರದು. ಗಾರ್ಡನಿಂಗ್ ಮಾಡೋನು ಗುಲಾಬಿ ಮಾರಿ ಲಾಭ ತೋರಿಸಲ್ಲ. ಖುಷಿ ಬೇಕಾದರೆ ಖುಷಿ ಅನ್ನಿ, ವ್ಯಾಪಾರ ಬೇಕಾದರೆ ಕೂಲಿ ಬರೀರಿ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದಾಗ ಯಾರದೋ ಕೂಲಿ ಮುಳುಗುತ್ತೆ.

ಇದೇ ಜಾತಿಯ ಇನ್ನೊಂದು ಕಾರ್ಯಕ್ರಮ ಇದೆ, 'ಕಾರ್ ಎಸ್‌ಒಎಸ್', ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ 2013ರಿಂದ ಬರ್ತಿದೆ. ಕಾಯಿಲೆಯಿಂದಲೋ ಕಷ್ಟದಿಂದಲೋ ಕಾರನ್ನು ಮೂಲೆಯಲ್ಲಿ ನಿಲ್ಲಿಸಿಬಿಟ್ಟವರ ಮನೆಯಿಂದ ಗುಟ್ಟಾಗಿ ಕಾರು ತಂದು, ಸರಿ ಮಾಡಿ, ವಾಪಸ್ ಕೊಡ್ತಾರೆ. ಅದರಲ್ಲಿ ಕಣ್ಣೀರು ಸ್ವಲ್ಪ ಜಾಸ್ತಿ, ನನಗೆ ಅಷ್ಟು ಹಿಡಿಸಲ್ಲ. ಆದರೆ ಈ ವಿಷಯದಲ್ಲಿ ಅದು ಪ್ರಾಮಾಣಿಕ. ಕೆಲಸವನ್ನು ಉಡುಗೊರೆ ಅಂತಲೇ ಕೊಡುತ್ತೆ, ಲಾಭ ಅಂತ ತೋರಿಸಲ್ಲ.

ಇನ್ನು 2017ರ ವಿಷಯ. ಹದಿಮೂರು ಸೀಸನ್ ಆದ ಮೇಲೆ, ಆ ವರ್ಷ ಮಾರ್ಚಿಯಲ್ಲಿ ಎಡ್ ಚೈನಾ ತಾನು ಕಾರ್ಯಕ್ರಮ ಬಿಡ್ತಿರೋದಾಗಿ ಯೂಟ್ಯೂಬಿನಲ್ಲಿ ಹೇಳಿದ. ಅವನು ಕೊಟ್ಟ ಕಾರಣ: ಅಮೆರಿಕದ ವೆಲಾಸಿಟಿ ಚಾನೆಲ್ಲಿಗೆ ವರ್ಕ್‌ಶಾಪಿನ ಭಾಗ ಚಿತ್ರೀಕರಿಸೋದು ಕಷ್ಟದ ಕೆಲಸ ಅನಿಸಿದೆ, ಅದನ್ನು ಕಮ್ಮಿ ಮಾಡೋಕೆ ಹೊರಟಿದ್ದಾರೆ, ಅದಕ್ಕೆ ತಾನು ಒಪ್ಪಲಾರೆ. ಅಭಿಮಾನಿಗಳು ಮೈಕ್‌ಗೆ ಹಿಡಿ ಶಾಪ ಹಾಕಿದರು. ಎಡ್ ಜಾಗಕ್ಕೆ ಆ್ಯಂಟ್ ಆನ್‌ಸ್ಟೆಡ್ ಬಂದ, ಆಮೇಲೆ ಮೆಕ್ಲಾರೆನ್ ಎಫ್1 ತಂಡದಲ್ಲಿ ಮೆಕ್ಯಾನಿಕ್ ಆಗಿದ್ದ ಮಾರ್ಕ್ ಪ್ರೀಸ್ಟ್ಲಿ ಬಂದ. ಇಬ್ಬರೂ ಕಸುಬುದಾರರೇ, ಅನುಮಾನ ಇಲ್ಲ.

ಆಗ ನಾನೂ ಮೈಕ್‌ನನ್ನೇ ಬೈದಿದ್ದೆ. ಈಗ ಅನಿಸೋದು, ಅದು ಒಬ್ಬನ ತಪ್ಪಲ್ಲ, ಮೊದಲಿಂದ ಆ ಚೀಟಿಯಲ್ಲಿ ಇದ್ದದ್ದೇ ಅಲ್ಲಿಗೆ ಬಂದು ನಿಂತಿತು. ಹದಿಮೂರು ಸೀಸನ್ ಒಬ್ಬನ ಗಂಟೆಗಳಿಗೆ ಬೆಲೆ ಸೊನ್ನೆ ಅಂತ ಬರೆದ ಮೇಲೆ, ಆ ಗಂಟೆಗಳನ್ನು ತೋರಿಸೋದು ದುಬಾರಿ ಅಂತ ಯಾರಿಗೋ ಒಂದು ದಿನ ಅನಿಸಿಯೇ ಅನಿಸುತ್ತೆ. ನಮ್ಮ ಪ್ರಾಜೆಕ್ಟುಗಳಲ್ಲೂ ಹೀಗೇ ತಾನೇ? ಕ್ಲೈಂಟ್ ಜೊತೆ ಮಾತಾಡೋನು ಸ್ಲೈಡಿನಲ್ಲಿ ಇರ್ತಾನೆ. ರಾತ್ರಿ ಎರಡು ಗಂಟೆಗೆ ಎದ್ದು ಸರ್ವರ್ ಎತ್ತಿದವನು ಟೈಮ್‌ಶೀಟಿನಲ್ಲೂ ಇರಲ್ಲ.

*

ಕಾರು ಈಗ ಓಡುತ್ತೆ. ಆವಿ ಏಳಲ್ಲ, ಮಳೆಗೆ ಸೋರಲ್ಲ. ಮೊನ್ನೆ ಒಬ್ಬರು ಬಂದು ನೋಡಿ 4,10,000 ಕೊಡ್ತೀನಿ ಅಂದರು. ಸ್ಪ್ರೆಡ್‌ಶೀಟ್ ತೆಗೆದೆ. ಕೊಂಡದ್ದು 2,75,000. ಸಾಮಾನು 99,400. ಭಾಯ್‌ಗೆ 1,000. ಮೈಕ್ ಲೆಕ್ಕದಲ್ಲಿ ಲಾಭ 34,600. ನಾನು ಇಂಜಿನಿಯರು, ಗಂಟೆಗಳನ್ನೂ ಬರೆದಿಟ್ಟಿದ್ದೆ: 118. ಗಂಟೆಗೆ 293 ರೂಪಾಯಿ ಬಿತ್ತು. ಟೂಲಿನ 21,000 ಕಳೆದರೆ ಗಂಟೆಗೆ 115. ಅವತ್ತು ಭಾಯ್ ಕೇಳಿದ್ದು ಇಬ್ಬರಿಗೆ, ಮೆಷಿನ್ನು, ಪೆಟ್ರೋಲು, ಇಪ್ಪತ್ತು ವರ್ಷದ ಅನುಭವ ಎಲ್ಲ ಸೇರಿ ಗಂಟೆಗೆ 750. ಅದೂ ನಾನು ಮೂರು ದಿನ ಕೆಡಿಸಿ ಇಟ್ಟಿದ್ದ ಕೆಲಸಕ್ಕೆ.

ಇಲ್ಲಿ ಬ್ರಿಟನ್ನಿಗೂ ನಮಗೂ ಇರೋ ವ್ಯತ್ಯಾಸ ಕಾಣುತ್ತೆ. ಅಲ್ಲಿ ಜನ ಮನೆಯಲ್ಲೇ ಕಾರು ರಿಪೇರಿ ಮಾಡಿಕೊಳ್ಳೋದಕ್ಕೆ ಒಂದು ಕಾರಣ ಮೆಕ್ಯಾನಿಕ್ಕಿನ ಕೂಲಿ ಜಾಸ್ತಿ ಅನ್ನೋದು. ನಮ್ಮಲ್ಲಿ ಇಂಜಿನಿಯರುಗಳು ಕೈ ಕೊಳೆ ಮಾಡಿಕೊಳ್ಳದೇ ಇರೋದಕ್ಕೆ ಕಾರಣ ಆ ಕೂಲಿ ಕಮ್ಮಿ ಅನ್ನೋದು. ಟಿವಿಯಲ್ಲಿ ಕಾಣೆಯಾದ ಸಾಲು ನಮ್ಮ ಬೀದಿಯಲ್ಲಿ ಇದೆ, ಅದರ ಮುಂದಿನ ಅಂಕಿ ಎಷ್ಟು ಚಿಕ್ಕದು ಅಂದರೆ ಯಾರಿಗೂ ಕಾಣಲ್ಲ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಈ 34,600ರ ಲಾಭ ಹೇಳಿದೆ, ಸ್ವಲ್ಪ ಜಂಬದಲ್ಲೇ.

'ನೀನು ಗೇಯ್ದಿದ್ದು ಎಷ್ಟು ದಿನ್ವ?' ಅಂತ ಕೇಳಿದರು.

'ಹದಿನೈದು ದಿನ ಅನ್ಕಳಿ.'

'ಅದ್ನ ಹಿಡ್ದಿದ್ಯಾ?'

'ಇಲ್ಲ.'

'ಕಬ್ಬಿನ್ ಲೆಕ್ಕ ಆಯ್ತು ಬುಡು' ಅಂದು ನಕ್ಕರು.

ಕಬ್ಬಿನ ಲೆಕ್ಕ ನನಗೆ ಗೊತ್ತು. ಅಪ್ಪನ ಹತ್ತಿರ ಒಂದು ಉದ್ದ ನೋಟ್‌ಬುಕ್ ಇದೆ. ಬಿತ್ತನೆ ಕಬ್ಬು, ಗೊಬ್ಬರ, ಕಟಾವಿನ ಆಳು, ಗಾಡಿ ಬಾಡಿಗೆ. ಕಾರ್ಖಾನೆಯಿಂದ ಬಂದದ್ದರಲ್ಲಿ ಇದನ್ನು ಕಳೆದು ಕೆಳಗೆ ಗೆರೆ ಎಳೆದು 'ಉಳಿಕೆ' ಅಂತ ಬರೀತಾರೆ. ಅವ್ವ ಕಳೆ ಕಿತ್ತ ದಿನಗಳು, ಅಪ್ಪ ರಾತ್ರಿ ಕರೆಂಟ್ ಬಂದಾಗ ಎದ್ದು ನೀರು ಕಟ್ಟಿದ ದಿನಗಳು ಅದರಲ್ಲಿಲ್ಲ. ಸರ್ಕಾರದ ಲೆಕ್ಕದವರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ. ಬೆಳೆಯ ಖರ್ಚು ಲೆಕ್ಕ ಹಾಕೋ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ, ರೈತ ಕೈಯಿಂದ ಹಾಕಿದ್ದಕ್ಕೆ 'ಎ2' ಅನ್ನುತ್ತೆ. ಮನೆಯವರ ದುಡಿಮೆಗೂ ಬೆಲೆ ಕಟ್ಟಿ ಸೇರಿಸಿದರೆ 'ಎ2 ಪ್ಲಸ್ ಎಫ್ಎಲ್'. ಎಫ್ಎಲ್ ಅಂದರೆ ಫ್ಯಾಮಿಲಿ ಲೇಬರ್. ಸ್ವಂತ ಜಮೀನಿನ ಬಾಡಿಗೆ, ಬಂಡವಾಳದ ಬಡ್ಡಿ ಎಲ್ಲ ಸೇರಿದರೆ 'ಸಿ2'. ಬೆಂಬಲ ಬೆಲೆಯ ಜಗಳದಲ್ಲಿ ಬಹುಪಾಲು ಇವುಗಳಲ್ಲಿ ಯಾವುದನ್ನು ಹಿಡಿಯಬೇಕು ಅನ್ನೋದೇ. ಅಪ್ಪನ ನೋಟ್‌ಬುಕ್ಕಿನಲ್ಲಿ ಇರೋದು ಎ2 ಮಾತ್ರ. ಮೈಕ್ ಬ್ರೂವರ್‌ನ ಚೀಟಿಯಲ್ಲೂ ಅದೇ. ಆ 'ಉಳಿಕೆ'ಯಿಂದಲೇ ನನ್ನ ಬಿಇ ಫೀಸು ಕಟ್ಟಿದ್ದು. ಅಂದರೆ ಅವ್ವನ ಎಫ್ಎಲ್‌ನಿಂದ.

ಅಂಥ ಮನೆಯಿಂದ ಬಂದವನು ನಾನು, ಎರಡು ಗಂಟೆ ಕೆಲಸಕ್ಕೆ ಸಾವಿರದೈನೂರಾ ಅಂದೆ.

ಹಾಗಂತ 'ವೀಲರ್ ಡೀಲರ್ಸ್' ನೋಡಬೇಡಿ ಅಂತ ನಾನು ಹೇಳಲ್ಲ. ನೋಡಿ. ಎಡ್ ಇರೋ ಸೀಸನ್ನುಗಳನ್ನೇ ನೋಡಿ, ಅದರಲ್ಲೂ ಹಳೇವು. ಒಬ್ಬ ಕಸುಬುದಾರನ ಕೈಯನ್ನು ಅಷ್ಟು ಹತ್ತಿರದಿಂದ, ಅಷ್ಟು ಮರ್ಯಾದೆಯಿಂದ ತೋರಿಸಿದ ಕಾರ್ಯಕ್ರಮ ಟಿವಿಯಲ್ಲಿ ಕಮ್ಮಿ. ಆ ಕೈಯ ಬಗ್ಗೆ ನನಗೆ ಇಷ್ಟು ಗೌರವ ಹುಟ್ಟಿಸಿದ್ದೂ ಅದೇ ಕಾರ್ಯಕ್ರಮ, ಆ ಕೈಗೆ ಎಷ್ಟು ಕೊಡಬೇಕು ಅಂತ ಒಮ್ಮೆಯೂ ಹೇಳದೇ ಇದ್ದದ್ದೂ ಅದೇ. ಕೊನೆಯ ಎರಡು ನಿಮಿಷ ಬಂದಾಗ ಮಾತ್ರ ಒಂದು ಪೆನ್ನು ತಗೊಂಡು ಆ ಒಂದು ಸಾಲು ನೀವೇ ಸೇರಿಸಿ. ಹಳೇ ಐಷಾರಾಮಿ ಕಾರು ಕೊಳ್ಳೋ ಯೋಚನೆ ಇದ್ದರಂತೂ ಮೊದಲು ಆ ಸಾಲು ಬರೆದು, ಆಮೇಲೆ ಕಾರು ನೋಡೋಕೆ ಹೋಗಿ. ಆಗಲೂ ಆಸೆ ಉಳಿದಿದ್ದರೆ ಕೊಳ್ಳಿ, ಚೆನ್ನಾಗಿರುತ್ತೆ.

ನಾನು ಕಾರು ಮಾರಲಿಲ್ಲ. ಕಳೆದ ವಾರ ಬ್ರೇಕ್ ಪ್ಯಾಡ್ ವಿಷಯಕ್ಕೆ ಭಾಯ್‌ಗೆ ಫೋನ್ ಮಾಡಿದ್ದೆ. ಅವತ್ತಿನ ಐನೂರನ್ನೂ ಸೇರಿಸಿ ಕಳಿಸಿದೆ. 'ಇದು ಯಾವ್ದು ಸಾರ್, ಜಾಸ್ತಿ ಬಂದಿದೆ' ಅಂತ ವಾಪಸ್ ಫೋನ್ ಮಾಡಿದರು. ಹಳೇ ಬಾಕಿ ಭಾಯ್ ಅಂದೆ. ಅವರಿಗೆ ನೆನಪಿರಲಿಲ್ಲ. ದಿನಕ್ಕೆ ಇಂಥ ಎಷ್ಟು ಚೌಕಾಶಿ ನಡೆಯುತ್ತೋ, ಯಾವುದು ಅಂತ ನೆನಪಿಟ್ಟುಕೊಳ್ತಾರೆ.